ಹೂಳಿನ ಲೆಕ್ಕ ಹಿಡಿಯುವವರು

ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಸರಿದಾಗ ತಂಬ್ರಹಳ್ಳಿ ಸೀಮೆಯಲ್ಲಿ ಬಯಲಾಗುವುದು ಹೂಳು ತುಂಬಿದ ನೆಲ. ಬಿಸಿಲಿಗೆ ಬಿರಿದ ಹೆಂಟೆಯೊಂದನ್ನು ಎತ್ತಿ ಮುರಿದರೆ ಒಳಗೆ ಪದರ ಪದರ: ನುಣ್ಣನೆಯ ಜೇಡಿ, ಅದರಡಿ ಸಣ್ಣ ಮರಳಿನ ಗೆರೆ, ಮತ್ತೆ ಜೇಡಿ. ಮಲೆನಾಡಿನಿಂದ ಇಲ್ಲಿಯತನಕದ ಹೊಲಗದ್ದೆಗಳ ಮೇಲ್ಮಣ್ಣು ಮಳೆಗಾಲದ ಕೆನ್ನೀರಿನ ಜೊತೆ ಬಂದು ತಂಗಿದ್ದು ಹೀಗೆ. ನಿಂತ ನೀರಿಗೆ ತಾಗುತ್ತಲೇ ಹೊಳೆಯ ಓಟ ಕುಗ್ಗುತ್ತದೆ. ಮರಳು ಮೊದಲು ಇಳಿಯುತ್ತದೆ. ಜೇಡಿ ಅಣೆಕಟ್ಟಿನತ್ತ ತೇಲಿಹೋಗಿ ನಿಧಾನವಾಗಿ ಕೂರುತ್ತದೆ.

ಜಲವಿಜ್ಞಾನದಲ್ಲಿ ಮಳೆ, ಒಳಹರಿವು, ಆವಿ ಎಂದು ಹತ್ತಾರು ಲೆಕ್ಕಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಈ ಮಣ್ಣಿನ ಲೆಕ್ಕ. ಕಣ್ಣಿಗೆ ಕಾಣದ ತಳವನ್ನು ಅಳೆಯುವುದು ಕಿವಿಯ ಕೆಲಸ. ದೋಣಿಗೆ ಎಕೋ ಸೌಂಡರ್ ಕಟ್ಟಿ ನೀರಿನೊಳಕ್ಕೆ ಶಬ್ದದ ಅಲೆ ಬಿಡುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ತಳಕ್ಕೆ ತಾಗಿ ಮರಳಿದರೆ ಹೋಗಿಬಂದ ದಾರಿ 15 ಮೀಟರ್, ಆಳ ಏಳೂವರೆ. ಉಪಕರಣ ಸರಿಯಾಗಿ ಹೇಳುತ್ತಿದೆಯೇ ಎಂದು ತಿಳಿಯಲು ಗೊತ್ತಿರುವ ಆಳಕ್ಕೆ ಲೋಹದ ಪಟ್ಟಿ ಇಳಿಬಿಟ್ಟು ನೋಡಿಕೊಳ್ಳುತ್ತಾರೆ. ಕೂರಿಗೆ ಹಿಡಿದ ರೈತನ ಹಾಗೆ ದೋಣಿ ಈ ದಡದಿಂದ ಆ ದಡಕ್ಕೆ ಸಾಲು ಹಿಡಿದು ಸಾಗುತ್ತದೆ. ಅದು ಎಲ್ಲಿದೆ ಎಂಬುದನ್ನು ಜಿಪಿಎಸ್ ಬರೆದಿಡುತ್ತದೆ. ಅಂದಿನ ನೀರಿನ ಮಟ್ಟದಲ್ಲಿ ಆಳ ಕಳೆದರೆ ತಳದ ಮಟ್ಟ ಸಿಕ್ಕಿತು. ನೀರಿಲ್ಲದ ದಡದಲ್ಲಿ ನಡೆದೇ ಅಳೆಯಬೇಕು. ಉಳಿದದ್ದು ನಕ್ಷೆ, ಗಣಿತ.

ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು. 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದರು. ಆಗ 1,633 ಅಡಿ ಮಟ್ಟದವರೆಗೆ ಹಿಡಿಯುತ್ತಿದ್ದ ನೀರು ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು 100.855ಕ್ಕೆ ಇಳಿದಿತ್ತು. 2016ರಲ್ಲಿ ಮತ್ತೆ ಅಳೆದಾಗ ಬಂದದ್ದು 105.788! ಎಂಟು ವರ್ಷದಲ್ಲಿ ಜಲಾಶಯ ತಾನಾಗಿ ಇಷ್ಟು ಆಳವಾಗುವುದಿಲ್ಲ. ಸಾಲುಗಳ ನಡುವಿನ ಅಂತರ, ಉಪಕರಣದ ಸೂಕ್ಷ್ಮತೆ, ದಡದ ಅಳತೆ ಬದಲಾದರೆ ಮೊತ್ತವೂ ಬದಲಾಗುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಐದು ಟಿಎಂಸಿಯ ವ್ಯತ್ಯಾಸ ಕಾಲುವೆ ಕೊನೆಯ ರೈತನಿಗೆ ಸಣ್ಣದಲ್ಲ. ಆದ್ದರಿಂದಲೇ ದೋಣಿಯಲ್ಲಿ ಕೂತು ಅಳೆಯುವವರ ಕೆಲಸ ನನಗೆ ಅಣೆಕಟ್ಟು ಕಟ್ಟಿದವರ ಕೆಲಸದಷ್ಟೇ ದೊಡ್ಡದಾಗಿ ಕಾಣುತ್ತದೆ.

ಯಾವ ಲೆಕ್ಕ ಹಿಡಿದರೂ ಕನಿಷ್ಠ ಐದರಲ್ಲೊಂದು ಪಾಲು ಜಾಗ ಮಣ್ಣಿನ ಪಾಲಾಗಿದೆ. ಆ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾಪವಿದೆ. 2017ರ ಬರದಲ್ಲಿ ರೈತರು ಕಾದು ಕೂರದೆ ತಾವೇ ಜಲಾಶಯಕ್ಕೆ ಇಳಿದು ಹೂಳೆತ್ತಿದರು; ಅದಕ್ಕೆ ‘ಹೂಳಿನ ಜಾತ್ರೆ’ ಎಂದೇ ಹೆಸರಾಯಿತು. ಟ್ರ್ಯಾಕ್ಟರುಗಳು ಎತ್ತಿದ್ದು ಟಿಎಂಸಿಯ ಲೆಕ್ಕದಲ್ಲಿ ಕಾಣದಷ್ಟು ಕಡಿಮೆ. ಆದರೂ ಆ ಮಣ್ಣು ಹೊಲಕ್ಕೆ ಬಿದ್ದರೆ ಬೆಳೆಗೆ ಬಲ.

ಅಣೆಕಟ್ಟಿನ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಹೂಳಿನ ನಕ್ಷೆ ಮಾತ್ರ ಕಚೇರಿಯ ಕಡತದಾಚೆ ಬರುವುದು ಅಪರೂಪ. ನೆಲ ಬಿಟ್ಟುಕೊಟ್ಟ ಹಿನ್ನೀರಿನ ಊರುಗಳ ಪಂಚಾಯಿತಿ ಗೋಡೆಯಲ್ಲಿ ಆ ನಕ್ಷೆಯ ಒಂದು ಪ್ರತಿ ತೂಗಬೇಕು. ತಮ್ಮ ಹಳೆಯ ಹೊಲದ ಮೇಲೆ ಈಗ ಎಷ್ಟು ಅಡಿ ಮಣ್ಣು ಕೂತಿದೆ ಎಂದು ಹುಡುಕಿ ನೋಡುವ ಹಿರಿಯರು ಇನ್ನೂ ಇರುವಾಗಲೇ ಅದು ಬರಲಿ.