ಹೆಚ್ಚಿನ ಫಸಲು ಗೊಬ್ಬರದ್ದೋ, ನೆಲದ್ದೋ?

ಹೊಸ ಗೊಬ್ಬರ ಹಾಕಿದ ಮೂಲೆಯಲ್ಲಿ ಅಡಿಕೆ ಗೊನೆ ತುಂಬಿ ಬಂದರೆ, ಮುಂದಿನ ವರ್ಷ ತೋಟಕ್ಕೆಲ್ಲ ಅದನ್ನೇ ಹಾಕೋಣವೆಂದು ನಮಗೆ ಅನ್ನಿಸುವುದು ಸಹಜ. ಆದರೆ ಆ ಮೂಲೆಯ ಮಣ್ಣು ಮೊದಲೇ ಫಲವತ್ತಾಗಿತ್ತೇ? ಅಲ್ಲಿ ಬಸಿಗಾಲುವೆ ಚೆನ್ನಾಗಿತ್ತೇ? ಕಾಫಿಯಾದರೆ, ಕಳೆದ ವರ್ಷ ಕಡಿಮೆ ಬಿಟ್ಟ ಗಿಡ ಈ ವರ್ಷ ತಾನಾಗಿಯೇ ಹೆಚ್ಚು ಬಿಟ್ಟಿರಲೂಬಹುದು. ಇದನ್ನು ವಿಚಾರಿಸದೆ ಗೊಬ್ಬರಕ್ಕೆ ಹಣ ಸುರಿದರೆ ನಷ್ಟ ನಮ್ಮದೇ.

ಈ ತೊಡಕನ್ನು ಬಿಡಿಸುವ ದಾರಿ ತೋರಿದವರು ಇಂಗ್ಲೆಂಡಿನ ರೊನಾಲ್ಡ್ ಫಿಶರ್. 1919ರಲ್ಲಿ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದ ಅವರು ಹೊಲದ ಪ್ರಯೋಗಗಳನ್ನು ಅಳೆಯುವ ಲೆಕ್ಕವನ್ನು ರೂಪಿಸಿದರು. 1934ರಲ್ಲಿ ಅಮೆರಿಕದ ಜಾರ್ಜ್ ಸ್ನೆಡೆಕರ್ ಫಿಶರರ ಗೌರವಾರ್ಥವಾಗಿ ಅದರ ಅನುಪಾತಕ್ಕೆ 'ಎಫ್' ಎಂದು ಹೆಸರಿಟ್ಟರು.

ನಾಲ್ಕು ಗೊಬ್ಬರಗಳನ್ನು ಪರೀಕ್ಷಿಸಬೇಕೆಂದು ಇಟ್ಟುಕೊಳ್ಳೋಣ. ತೋಟವನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ನಾಲ್ಕು ತಾಕು ಮಾಡಿ, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಫಸಲು ತೂಗಿದ ಮೇಲೆ ಎರಡು ಅಳತೆ ಸಿಗುತ್ತವೆ. ಮೊದಲನೆಯದು, ಗೊಬ್ಬರದಿಂದ ಗೊಬ್ಬರಕ್ಕೆ ಇರುವ ಏರುಪೇರು. ಎರಡನೆಯದು, ಗೊಬ್ಬರದ ಮತ್ತು ಪಟ್ಟಿಯ ವ್ಯತ್ಯಾಸಗಳನ್ನು ಕಳೆದ ಮೇಲೂ ಉಳಿಯುವ, ಕಾರಣ ತಿಳಿಯದ ಏರುಪೇರು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಎಫ್. ಗೊಬ್ಬರಗಳಲ್ಲಿ ನಿಜವಾದ ಭೇದವಿಲ್ಲದಿದ್ದರೆ ಇದು ಒಂದರ ಆಸುಪಾಸಿನಲ್ಲಿರುತ್ತದೆ.

ಒಂದಕ್ಕಿಂತ ಎಷ್ಟು ಮೇಲಿದ್ದರೆ ನಂಬಬಹುದು? ಅದಕ್ಕೇ ಎಫ್ ಕೋಷ್ಟಕವಿದೆ. ಗೊಬ್ಬರ ನಾಲ್ಕು, ಒಂದು ಕಳೆದರೆ 3. ಪಟ್ಟಿ ನಾಲ್ಕು, ಒಂದು ಕಳೆದರೆ 3. ಎರಡನ್ನೂ ಗುಣಿಸಿದರೆ 9. ಶೇಕಡಾ 5ರ ಕೋಷ್ಟಕದಲ್ಲಿ 3 ಮತ್ತು 9 ಕೂಡುವಲ್ಲಿ 3.86 ಎಂದಿದೆ. ಇದೇ ನಿರ್ಣಾಯಕ ಬೆಲೆ. ಗೊಬ್ಬರಗಳು ಸಮಾನವೇ ಆಗಿದ್ದರೆ, ಕೇವಲ ಆಕಸ್ಮಿಕವಾಗಿ ಎಫ್ ಇದನ್ನು ಮೀರುವುದು ನೂರರಲ್ಲಿ ಐದು ಸಲ ಮಾತ್ರ. ನಮ್ಮ ಎಫ್ 3.0 ಬಂದರೆ ಭೇದ ರುಜುವಾತಾಗಲಿಲ್ಲ. 5 ಬಂದರೆ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಇನ್ನೊಂದು ಮುಖ್ಯ ಅಂಶವಿದೆ. ಪಟ್ಟಿ ಎರಡೇ ಇದ್ದರೆ ದಾಟಬೇಕಾದ ಗೆರೆ 9.28ಕ್ಕೆ ಏರುತ್ತದೆ, ಆರಿದ್ದರೆ 3.29ಕ್ಕೆ ಇಳಿಯುತ್ತದೆ. ಪ್ರಯೋಗವನ್ನು ಹೆಚ್ಚು ಸಲ ಪುನರಾವರ್ತಿಸಿದಷ್ಟೂ ತೀರ್ಪು ಸುಲಭ. ಒಂದೇ ತಾಕಿಗೆ ಹಾಕಿ ನೋಡಿದವರಿಗೆ ಎರಡನೆಯ ಅಳತೆಯೇ ಸಿಗುವುದಿಲ್ಲ. ಕೋಷ್ಟಕ ಅವರಿಗೆ ಉಪಯೋಗಕ್ಕೆ ಬಾರದು.

ಸಂಶೋಧನಾ ವರದಿಗಳಲ್ಲಿ 'ಎನ್.ಎಸ್.' ಎಂದು ಕಂಡರೆ, ಎಫ್ ಗೆರೆ ದಾಟಲಿಲ್ಲ ಎಂದರ್ಥ. ಗೊಬ್ಬರ ನಿಷ್ಪ್ರಯೋಜಕವೆಂದಲ್ಲ, ಪುರಾವೆ ಸಾಲದು ಎಂದಷ್ಟೇ. ಗೆರೆ ದಾಟಿದರೂ ಯಾವ ಗೊಬ್ಬರ ಮೇಲು ಎಂಬುದನ್ನು ಎಫ್ ಹೇಳುವುದಿಲ್ಲ. ಅದಕ್ಕೆ ವರದಿಯಲ್ಲಿ 'ಸಿ.ಡಿ.' ಎಂದು ಕೊಟ್ಟಿರುವ ಅಂಕಿಯನ್ನು ನೋಡಬೇಕು. ಎರಡು ಗೊಬ್ಬರಗಳ ಸರಾಸರಿ ಫಸಲಿನ ಅಂತರ ಅದಕ್ಕಿಂತ ಹೆಚ್ಚಿರಬೇಕು. ಆ ಹೆಚ್ಚುವರಿ ಫಸಲು ಗೊಬ್ಬರದ ಖರ್ಚನ್ನು ತುಂಬಿಕೊಡುವುದೇ ಎಂಬ ಲೆಕ್ಕ ನಮ್ಮ ಪಾಲಿನದು.

ಆದ್ದರಿಂದ ಬೆಳೆಗಾರ ಬಂಧುಗಳೇ, ಯಾರಾದರೂ ಹೊಸ ಗೊಬ್ಬರವನ್ನು ಹೊಗಳಿದರೆ ಎರಡು ಮಾತು ಕೇಳೋಣ: ಎಷ್ಟು ಕಡೆ ಪುನರಾವರ್ತಿಸಿದ್ದೀರಿ? ಗೊಬ್ಬರ ಹಾಕದ ತಾಕು ಪಕ್ಕದಲ್ಲಿತ್ತೇ? ಉತ್ತರ ಸಿಗುವ ತನಕ ಚೀಲಗಳು ಅಂಗಡಿಯಲ್ಲೇ ಇರಲಿ.