ಅಮೃತಮಹಲ್: ನಿರ್ವಹಣೆ, ಕೌಶಲ ಮತ್ತು ಸಾಗಣೆ

ಸಾಗಣೆಯ ಸಾಮರ್ಥ್ಯವನ್ನು ವಾಹನದ ಬಲದಿಂದ ಅಳೆಯುವುದು ವಾಡಿಕೆ. ಆದರೆ ಅದನ್ನು ನಡೆಸುವ ವ್ಯವಸ್ಥೆ ಹಾಗೂ ದುಡಿಯುವವರ ಕೌಶಲಗಳು ಬಲಕ್ಕಿಂತಲೂ ನಿರ್ಣಾಯಕ ಎಂಬುದಕ್ಕೆ ಮೈಸೂರು ಸಂಸ್ಥಾನದ ಅಮೃತಮಹಲ್ ಇಲಾಖೆಯ ಇತಿಹಾಸವು ನಿದರ್ಶನವಾಗಿದೆ.

ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ರೂಪುಗೊಂಡ ಈ ಇಲಾಖೆಯು ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿತ್ತು. ಹೈದರ್ ಅಲಿಯ ಕಾಲಕ್ಕೆ ಇದರ ಎತ್ತುಗಳು ಸೈನ್ಯದ ಸಾಗಣೆಯ ಬೆನ್ನೆಲುಬಾದವು. 1781ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ಸುಮಾರು 100 ಮೈಲಿ ಕ್ರಮಿಸಿದ್ದು ಇವುಗಳ ಬಲದಿಂದಲೇ ಎಂದು ಗೆಜೆಟಿಯರುಗಳು ದಾಖಲಿಸಿವೆ. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು.

ಈ ವ್ಯವಸ್ಥೆಯ ಆಧಾರ ಕಾವಲುಗಳು. ಬೇಸಿಗೆ, ಮಳೆಗಾಲ ಮತ್ತು ಚಳಿಗಾಲಗಳಿಗೆ ಪ್ರತ್ಯೇಕ ಹುಲ್ಲುಗಾವಲುಗಳಿದ್ದವು. ಹಸಿರು ಹುಲ್ಲು, ನೀರು, ಮರದ ನೆರಳು ದೊರೆಯುವ ಕೆರೆಯಂಗಳಗಳನ್ನು ಬೇಸಿಗೆಗಾಗಿ ಕಾಯ್ದಿರಿಸಲಾಗುತ್ತಿತ್ತು. ಹಿಂಡನ್ನು ಯಾವಾಗ, ಎಲ್ಲಿಗೆ ಹೊಡೆಯಬೇಕು ಎಂಬ ನಿರ್ಧಾರ ಪಶುಪಾಲಕರ ಅನುಭವವನ್ನು ಅವಲಂಬಿಸಿತ್ತು. ಬಯಲಿನಲ್ಲಿಯೇ ಬೆಳೆಯುವ ಈ ರಾಸುಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಅವುಗಳನ್ನು ಪಳಗಿಸಿ ನೊಗಕ್ಕೆ ಹೂಡುವುದು ತಲೆಮಾರುಗಳಿಂದ ಬಂದ ವಿದ್ಯೆ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ನಿಯಮಗಳು ಸಡಿಲಗೊಂಡು ರಾಸುಗಳ ಗುಣಮಟ್ಟ ಕುಸಿಯಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಯ ಮೇಲ್ವಿಚಾರಣೆಗೆ ಒಪ್ಪಿಸಿದ ಮೇಲೆ ಹಿಂಡುಗಳು ಚೇತರಿಸಿಕೊಂಡವು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಹಿಂಡುಗಳನ್ನು ಮಾರಲಾಯಿತು. ಉತ್ತಮ ಎತ್ತುಗಳ ಕೊರತೆ ತಲೆದೋರಿದ್ದರಿಂದ 1866ರಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. ಈ ಏಳುಬೀಳುಗಳಲ್ಲಿ ತಳಿಯೂ ನೆಲವೂ ಅವೇ, ಬದಲಾದದ್ದು ನಿರ್ವಹಣೆ.

ದಾಖಲೆಗಳು ಅರಸರನ್ನೂ ಅಧಿಕಾರಿಗಳನ್ನೂ ಹೆಸರಿಸುತ್ತವೆ. ಹಿಂಡು ಕಾಯ್ದವರನ್ನು ಹೆಸರಿಸುವುದು ವಿರಳ. ಅವರ ತಿಳಿವಳಿಕೆ ಉಳಿದದ್ದು ಕಸುಬಿನಲ್ಲಿ ಮತ್ತು ಮಾತಿನಲ್ಲಿ. ಅಜ್ಜಂಪುರದ ಸಂವರ್ಧನಾ ಕೇಂದ್ರವು ತಳಿಯನ್ನು ಕಾಪಾಡುತ್ತ ಬಂದಿದೆ. ಆದರೆ ಕಾವಲುಗಳು ಒಂದೊಂದಾಗಿ ಅನ್ಯ ಉದ್ದೇಶಗಳಿಗೆ ಹಂಚಿಕೆಯಾಗಿವೆ. ಚಳ್ಳಕೆರೆಯ ಕಾವಲುಗಳು ಇದಕ್ಕೆ ಇತ್ತೀಚಿನ ಉದಾಹರಣೆ. ಕಾವಲು ಅಳಿದರೆ ಅದನ್ನು ಬಳಸಬಲ್ಲವರ ಅರಿವೂ ಅಳಿಯುತ್ತದೆ. ತಳಿಯ ಸಂರಕ್ಷಣೆಯಷ್ಟೇ ಈ ಮೌಖಿಕ ಜ್ಞಾನದ ದಾಖಲಾತಿಯೂ ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.