ಹೊಸ ವಿಮಾನಕ್ಕೆ ಹಳೇ ಕೊಳೆ!

ಅಂಗೈಯಗಲದ ಪ್ಲಾಸ್ಟಿಕ್ ವಿಮಾನ. ಅದಕ್ಕೆ ನೀಟಾಗಿ ಬಣ್ಣ ಹೊಡೆಯುತ್ತಾರೆ. ಆಮೇಲೆ ಬೇಕೆಂದೇ ಮಸಿ, ಎಣ್ಣೆ ಕಲೆ, ದೂಳು ಮೆತ್ತುತ್ತಾರೆ! ಮಾಡೆಲ್ ಮಾಡುವವರ ಬಾಯಲ್ಲಿ ಇದು ‘ವೆದರಿಂಗ್’. ಇದರ ಪಾಠಗಳು ಕೊಚ್ಚಿ, ತಿರುವನಂತಪುರಗಳಲ್ಲೇ ಎಷ್ಟೊಂದಿವೆ ನೋಡಿ!

ಕೋಟಿಗಟ್ಟಲೆ ಬೆಲೆಯ ಫೈಟರ್ ಮಳೆಯಲ್ಲಿ ನೆನೆಯುತ್ತಾ ನಿಂತದ್ದು ನೆನಪಿದೆಯೇ? 2025ರ ಜೂನ್ 14ರಂದು ಬ್ರಿಟನ್ನಿನ ಎಫ್-35ಬಿ ತಿರುವನಂತಪುರದಲ್ಲಿ ತುರ್ತಾಗಿ ಇಳಿಯಿತು. ಸುಮಾರು ಮೂರು ವಾರ ಬಯಲಲ್ಲೇ ಇತ್ತು. ಮತ್ತೆ ಹಾರಿದ್ದು ಜುಲೈ 22ಕ್ಕೆ. ಕೇರಳ ಪ್ರವಾಸೋದ್ಯಮ ಇಲಾಖೆ ಅದನ್ನೇ ತಮಾಷೆಯ ಜಾಹೀರಾತು ಮಾಡಿಕೊಂಡಿತು!

ಕೊಳೆಗೂ ದಿಕ್ಕಿದೆ! ಹಾರುವ ವಿಮಾನದಲ್ಲಿ ಎಣ್ಣೆ, ಹೊಗೆಯ ಗೆರೆಗಳು ಮೂತಿಯಿಂದ ಬಾಲದ ಕಡೆಗೆ ಹೋಗುತ್ತವೆ. ನಿಂತ ವಿಮಾನದಲ್ಲಿ ಮಳೆನೀರು ಕೆಳಕ್ಕೆ ಇಳಿಯುತ್ತದೆ. ಮಳೆಯಲ್ಲಿ ನಿಂತ ವಿಮಾನದ ಮಾಡೆಲ್ ಮಾಡುತ್ತೀರಾ? ಗೆರೆ ಎಳೆಯುವ ಮುಂಚೆ ಯೋಚಿಸಿ!

ವಿಮಾನದ ಮೈಗೆ ಕೆಂಪು ತುಕ್ಕು ಬಳಿದರೆ ಬಲ್ಲವರು ನಕ್ಕುಬಿಡುತ್ತಾರೆ. ಹೆಚ್ಚಿನ ವಿಮಾನಗಳ ಮೈಯ ಅಲ್ಯೂಮಿನಿಯಂ ಹಾಗೆ ಕೆಂಪಗೆ ತುಕ್ಕು ಹಿಡಿಯುವುದೇ ಇಲ್ಲ! ಬಣ್ಣ ಎದ್ದ ಕಡೆ ಕಾಣುವುದು ಬೆಳ್ಳಿ ಬಣ್ಣ, ಇಲ್ಲವೇ ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್‌ನ ಹಳದಿ, ಹಸಿರು.

ಎಲ್ಲ ವಿಮಾನಕ್ಕೂ ಬೆಳ್ಳಿ ಚುಕ್ಕೆ ಇಡಬೇಡಿ ಮತ್ತೆ! 1935ರಲ್ಲಿ ತಿರುವನಂತಪುರಕ್ಕೆ ಬಂದ ಟಾಟಾ ಏರ್‌ಲೈನ್ಸ್‌ನ ಫಾಕ್ಸ್ ಮಾತ್ ವಿಮಾನದ ಒಡಲು ಪ್ಲೈವುಡ್‌ನದು. ರೆಕ್ಕೆಗೆ ಹೊದಿಸಿದ್ದು ಬಟ್ಟೆ! ಬಟ್ಟೆಯ ಮೇಲಿನ ಬಣ್ಣ ಎದ್ದರೆ ಲೋಹ ಎಲ್ಲಿಂದ ಕಾಣಬೇಕು?

ನಮ್ಮ ನೌಕಾಪಡೆಯ ಮೊದಲ ವಿಮಾನ ನೆಲದ ಮೇಲೂ ಇಳಿಯುತ್ತಿತ್ತು, ನೀರಿನ ಮೇಲೂ ಇಳಿಯುತ್ತಿತ್ತು! ಹೆಸರು ಸೀಲ್ಯಾಂಡ್. 1953ರಲ್ಲಿ ಕೊಚ್ಚಿಗೆ ಬಂತು. ಅದೇ ವರ್ಷ ಮೇ 11ರಂದು ಅಲ್ಲಿ ಐಎನ್‌ಎಸ್ ಗರುಡ ನೆಲೆ ಶುರುವಾಯಿತು. ಈ ಮಾಡೆಲ್‌ಗೆ ಚಕ್ರದ ಕೆಸರೂ ಬೇಕು, ಹೊಟ್ಟೆಗೆ ಉಪ್ಪುನೀರಿನ ಕಲೆಯೂ ಬೇಕು!

ಕೊಚ್ಚಿ ಶಿಪ್‌ಯಾರ್ಡ್ ಕಟ್ಟಿದ ಹಡಗಿನ ಮೇಲೆ ಬೆಂಗಳೂರಿನ ವಿಮಾನ! 2023ರ ಫೆಬ್ರವರಿ 6ರಂದು ನೌಕಾಪಡೆಯ ತೇಜಸ್ ಐಎನ್‌ಎಸ್ ವಿಕ್ರಾಂತ್ ಮೇಲೆ ಇಳಿಯಿತು. ಹಡಗಿನ ವಿಮಾನಗಳಿಗೆ ಉಪ್ಪುಗಾಳಿಯೇ ಶತ್ರು. ಅಲ್ಲಲ್ಲಿ ಬಣ್ಣ ತೇಪೆ ಹಾಕುತ್ತಲೇ ಇರಬೇಕು. ಅದಕ್ಕೇ ಅವುಗಳ ಮಾಡೆಲ್‌ಗೆ ಒಂದೇ ಬೂದು ಬಣ್ಣ ಸಾಲದು!

ಆ ಉಪ್ಪೇ ಮಾಡೆಲ್ ಮಾಡುವವರ ನೆಂಟ! ಬೆಳ್ಳಿ ಬಣ್ಣ ಒಣಗಿದ ಮೇಲೆ ನೀರು ಸವರಿ ಅಡುಗೆ ಉಪ್ಪು ಉದುರಿಸುತ್ತಾರೆ. ಒಣಗಿದ ಉಪ್ಪಿನ ಮೇಲೆ ಹಸಿರೋ ಬೂದೋ ಸ್ಪ್ರೇ ಮಾಡುತ್ತಾರೆ. ಆಮೇಲೆ ಉಪ್ಪು ಉಜ್ಜಿ ತೆಗೆದರೆ ಬಣ್ಣ ಎದ್ದುಹೋದ ಹಳೇ ವಿಮಾನ ರೆಡಿ!

ಹೊಳಪಿಗೆ ಏನು ಬಳಸುತ್ತಿದ್ದರು ಗೊತ್ತೇ? ನೆಲ ಒರೆಸುವ ಅಕ್ರಿಲಿಕ್ ಪಾಲಿಶ್! ಕಾಕ್‌ಪಿಟ್‌ನ ಗಾಜನ್ನು ಅದರಲ್ಲಿ ಮುಳುಗಿಸಿ ತೆಗೆದರೆ ಫಳಫಳ!

ಕೊಚ್ಚಿಯ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆಯುವವರೇ, ಹುಷಾರ್! ತಿನ್ನರ್ ಬೇಗ ಆವಿಯಾದಾಗ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂರುತ್ತದೆ. ಬಣ್ಣ ಬೆಳ್ಳಗೆ ಮಸುಕಾಗುತ್ತದೆ. ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನ ಕೊಳವೆಗೂ, ಒಳಗಿನ ಗಾಳಿಯ ತೇವ ಹಿಡಿಯಲೆಂದೇ ಒಂದು ಪುಟ್ಟ ಬಟ್ಟಲು ಜೋಡಿಸಿರುತ್ತಾರೆ!

ಈಗ ಒಂದು ಲೆಕ್ಕ. ಅಳತೆ 1/72 ಎಂದುಕೊಳ್ಳಿ. ಮಾಡೆಲ್ ಮೇಲೆ 1 ಮಿಲಿಮೀಟರ್ ಚುಕ್ಕೆ ಇಟ್ಟರೆ ನಿಜವಾದ ವಿಮಾನದಲ್ಲಿ ಅದು 7.2 ಸೆಂಟಿಮೀಟರ್! ಬಣ್ಣಕ್ಕೆ ಅಂಟಿದ ಒಂದು ತಲೆಗೂದಲು? ಅದು ಹಗ್ಗದಷ್ಟು ದಪ್ಪ!

ನಿಜವಾದ ವಿಮಾನಕ್ಕೆ ಬಳಿಯುವ ಬಣ್ಣವನ್ನೇ ತಂದು ಮಾಡೆಲ್‌ಗೆ ಹೊಡೆದರೆ ಕಡುವಾಗಿ ಕಾಣುತ್ತದೆ ಎನ್ನುತ್ತಾರೆ ಅನುಭವಿಗಳು! ದೂರದ ವಸ್ತು ಕಣ್ಣಿಗೆ ತೆಳುವಾಗಿ ಕಾಣುತ್ತದಲ್ಲ? ಅದಕ್ಕೇ ಹಲವರು ಒಂದಿಷ್ಟು ಬಿಳಿ ಬೆರೆಸುತ್ತಾರೆ.

ಗುಲಾಬಿ ಬಣ್ಣದ ಯುದ್ಧವಿಮಾನ! ತಮಾಷೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಕೆಳಮಟ್ಟದಲ್ಲಿ ಹಾರಿ ಫೋಟೊ ತೆಗೆಯುವ ಕೆಲವು ಸ್ಪಿಟ್‌ಫೈರ್‌ಗಳಿಗೆ ತಿಳಿ ಗುಲಾಬಿ ಬಳಿದಿದ್ದರು. ಮೋಡದ ಹಿನ್ನೆಲೆಯಲ್ಲಿ ಅದು ಕಾಣಬಾರದಲ್ಲ!

ಅದೇ ಯುದ್ಧದಲ್ಲಿ ಭಾರತ, ಬರ್ಮಾ ಕಡೆಯ ಬ್ರಿಟಿಷ್ ವಿಮಾನಗಳ ವೃತ್ತ ಚಿಹ್ನೆಯ ಕೆಂಪು ಮಾಯವಾಯಿತು. ಜಪಾನಿನ ಗುರುತು ಕೆಂಪು ವೃತ್ತವಾಗಿತ್ತು. ಗಲಿಬಿಲಿಯಲ್ಲಿ ನಮ್ಮವರೇ ನಮ್ಮವರಿಗೆ ಗುಂಡು ಹಾರಿಸಿದರೆ? ಬರಿ ನೀಲಿ, ಬಿಳಿ ಉಳಿಯಿತು!

ಮಾಡೆಲ್ ಲೋಕದ ದೊಡ್ಡ ಹೆಸರು ಜಪಾನಿನ ತಮಿಯಾ. 1946ರಲ್ಲಿ ಶುರುವಾದಾಗ ಅದರ ವ್ಯಾಪಾರ ಏನು ಗೊತ್ತೇ? ಮರದ ದಿಮ್ಮಿ ಕೊಯ್ಯುವುದು!

1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳನ್ನು ಕೇಳಿದ್ದು ಐದು ಲಕ್ಷ ಮರದ ವಿಮಾನ! ಎಲ್ಲಕ್ಕೂ ಕಪ್ಪು ಬಣ್ಣ. ಆಕಾರ ನೋಡಿಯೇ ಶತ್ರುವನ್ನು ಗುರುತು ಹಿಡಿಯಲು ಸೈನಿಕರು ಕಲಿಯಬೇಕಿತ್ತು. 1/72 ಮಾಡೆಲನ್ನು 35 ಅಡಿ ದೂರದಿಂದ ನೋಡಿದರೆ ಅರ್ಧ ಮೈಲಿ ದೂರದ ನಿಜ ವಿಮಾನ ನೋಡಿದಂತೆ. ನಿಮ್ಮದನ್ನೂ ಅಷ್ಟು ದೂರ ಇಟ್ಟು ನೋಡಿ. ಬ್ರಷ್ಷಿನ ತಪ್ಪೆಲ್ಲ ಮಂಗಮಾಯ!